ಮಾರಬಾರದ ಒಡವೆ

“ಒಡವೆ ಮಾರಬೇಡ, ಬೇಕಾದರೆ ಅಡ ಇಡು.” ಸಾಲ ತೀರಿಸಲು ಹೊರಟವರಿಗೆ ನಮ್ಮ ಹಿರಿಯರು ಕೊಡುವ ಮೊದಲ ಸಲಹೆ ಇದು. ಮಾರಿದರೆ ಹೋಯಿತು, ಅಡ ಇಟ್ಟರೆ ಇಂದಲ್ಲ ನಾಳೆ ಬಂದೀತು ಎಂಬ ಲೆಕ್ಕ. ಈ ಲೆಕ್ಕ ಅರ್ಧ ಮಾತ್ರ ಸರಿ.

ಸರಿಯಾದ ಅರ್ಧವನ್ನು ಮೊದಲೇ ಒಪ್ಪಿಬಿಡೋಣ. ಕೈಸಾಲಕ್ಕೆ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ. ಕ್ರೆಡಿಟ್ ಕಾರ್ಡಿನ ಬಾಕಿಗೆ ಅದು ಮೂರೂವರೆಗೂ ಹೋಗುತ್ತದೆ. ಒಂದು ರೂಪಾಯಿ ಬಡ್ಡಿಗೆ ಚಿನ್ನದ ಸಾಲ ಸಿಕ್ಕರೆ ಅವನ್ನು ತೀರಿಸುವುದು ಜಾಣತನವೇ. ಎಡವುವುದು ಆಮೇಲೆ. ದುಬಾರಿ ಸಾಲ ಹೋದ ನೆಮ್ಮದಿಯಲ್ಲಿ ಅಡವಿಟ್ಟ ಸರ ಸಾಲವೆಂದೇ ಅನ್ನಿಸುವುದಿಲ್ಲ. ವರ್ಷ ತುಂಬಿದಾಗ ಬಡ್ಡಿಯಷ್ಟೇ ಕಟ್ಟಿ ರಿನ್ಯೂ ಮಾಡಿಸುತ್ತಾರೆ. 1 ಲಕ್ಷಕ್ಕೆ ವರ್ಷಕ್ಕೆ 12,000. ಐದು ವರ್ಷದಲ್ಲಿ 60,000 ಕಟ್ಟಿದ ಮೇಲೂ ಅಸಲು ಹಾಗೇ ಕೂತಿರುತ್ತದೆ. ಗಡುವಿಗೆ ಒಟ್ಟಿಗೆ ತೀರಿಸುವ ಇಂಥ ಸ್ವಂತ ಖರ್ಚಿನ ಸಾಲಕ್ಕೆ ರಿಸರ್ವ್ ಬ್ಯಾಂಕಿನ 2025ರ ನಿಯಮ 12 ತಿಂಗಳ ಮಿತಿ ಹಾಕಿದೆ. ಬಡ್ಡಿ ಕಟ್ಟಿದವರಿಗೆ ನವೀಕರಣದ ದಾರಿಯನ್ನೂ ಬಿಟ್ಟಿದೆ.

“ಚಿನ್ನದ ಬೆಲೆ ಏರಿತಲ್ಲ, ಮಾರಿದವರು ಕೆಟ್ಟರಲ್ಲ?” ಎನ್ನಬಹುದು. 2025ರಲ್ಲಿ 10 ಗ್ರಾಂಗೆ 1 ಲಕ್ಷ ದಾಟಿದ್ದು ನಿಜ. ಆದರೆ ಆ ಏರಿಕೆ ದಕ್ಕುವುದು ಬಿಡಿಸಿಕೊಂಡವರಿಗೆ. ಎಷ್ಟೋ ಮನೆಗಳಲ್ಲಿ ಬೆಲೆ ಏರಿದೊಡನೆ ಅದೇ ಬಳೆಯ ಮೇಲೆ ಇನ್ನಷ್ಟು ಸಾಲ ಎತ್ತುತ್ತಾರೆ. ಕಟ್ಟಲಾಗದವರ ಒಡವೆ ಹರಾಜಿಗೆ ಬೀಳುತ್ತದೆ. ಅದೂ ಮಾರಾಟವೇ, ದಿನ ಮಾತ್ರ ನಾವು ಆರಿಸಿದ್ದಲ್ಲ.

ನನ್ನ ದೊಡ್ಡ ತಕರಾರು ಬಡ್ಡಿಯದ್ದಲ್ಲ. ಒಡವೆ ಸಾಮಾನ್ಯವಾಗಿ ಹೆಂಡತಿಯದು, ತವರಿನಿಂದ ಬಂದದ್ದು. ಮಾರಬೇಕೆಂದರೆ ಅವಳೆದುರು ಕೂತು ಸಾಲವೆಷ್ಟು, ಯಾಕಾಯಿತು ಎಂದು ಬಾಯಿ ಬಿಡಬೇಕಾಗುತ್ತದೆ. ಅಡ ಇಡಲು “ಸುಗ್ಗಿ ಆಗಲಿ, ಬಿಡಿಸಿಕೊಡ್ತೀನಿ” ಎಂಬ ಒಂದು ಮಾತು ಸಾಕು. ಒಡವೆ ಮಾರುವುದು ಮನೆತನಕ್ಕೆ ಅವಮಾನ ಎನ್ನುವ ನಂಬಿಕೆಯಿಂದ ಹೆಚ್ಚು ಉಪಕಾರವಾಗಿರುವುದು ಈ ಮಾತುಕತೆ ತಪ್ಪಿಸಿಕೊಂಡ ಗಂಡಸರಿಗೆ.

ತಾಳಿ ಮಾರಿ ಎನ್ನುತ್ತಿಲ್ಲ. ತುಂಡಾದ ಚೈನು, ಜೊತೆ ತಪ್ಪಿದ ಓಲೆ, ಉಡುಗೊರೆ ಬಂದ ನಾಣ್ಯ ಬೀರುವಿನಲ್ಲಿ ಇದ್ದೇ ಇರುತ್ತವೆ. ಮಜೂರಿ ವಾಪಸು ಬರುವುದಿಲ್ಲ, ಕಲ್ಲಿನ ತೂಕ ಕಳೆಯುತ್ತಾರೆ, ಒಪ್ಪಿದೆ; ನಾಣ್ಯಕ್ಕೆ ಆ ನಷ್ಟವೂ ಕಡಿಮೆ. ಅಡ ಇಡಲೇಬೇಕಿದ್ದರೆ ತಿಂಗಳ ಕಂತಿನಲ್ಲಿ ಅಸಲೂ ಕರಗುವ ಸಾಲ ಕೇಳಿ. 1 ಲಕ್ಷದ ಕಾರ್ಡ್ ಬಾಕಿಗೆ ಬರಿ ಬಡ್ಡಿಯೆಂದು ತಿಂಗಳಿಗೆ 3,500 ಹೋಗುತ್ತಿತ್ತಲ್ಲ, ಅಷ್ಟನ್ನೇ ಚಿನ್ನದ ಸಾಲಕ್ಕೆ ತಪ್ಪದೆ ಕಟ್ಟಿದರೆ 34 ತಿಂಗಳಲ್ಲಿ ಅಸಲು, ಬಡ್ಡಿ ಎರಡೂ ಮುಗಿಯುತ್ತವೆ.