ವ್ಯಾಯಾಮವೂ ಬುದ್ಧಿವ್ಯಾಪಾರವೂ: ಛಿದ್ರಮನಸ್ಕತೆಯನ್ನು ಕುರಿತ ಕೆಲವು ಸಂಶೋಧನೆಗಳ ವಿಮರ್ಶೆ

ಕನ್ನಡದಲ್ಲಿ ಛಿದ್ರಮನಸ್ಕತೆಯೆಂದು ಕರೆಯಲ್ಪಡುವ ಸ್ಕಿಜೋಫ್ರೀನಿಯಾ ರೋಗದಲ್ಲಿ ಇಲ್ಲದ ಧ್ವನಿಗಳು ಕೇಳಿಸುವುದೂ ಇಲ್ಲದ ಶತ್ರುಗಳ ಭಯ ಹುಟ್ಟುವುದೂ ಎಲ್ಲರಿಗೂ ತಿಳಿದ ಲಕ್ಷಣಗಳು. ಇವುಗಳ ಹಿಂದೆ, ಅಷ್ಟಾಗಿ ಲಕ್ಷ್ಯಕ್ಕೆ ಬಾರದ, ಮತ್ತೊಂದು ನಷ್ಟವುಂಟು. ರೋಗಿಯ ಅವಧಾನವು ಒಂದೆಡೆ ನಿಲ್ಲದು. ಆಗತಾನೆ ಕೇಳಿದ ಮಾತನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡು ಕೆಲಸ ನಡೆಸುವುದು ಕಷ್ಟವಾಗುವುದು. ಎದುರಿನವರ ಮುಖಭಾವವನ್ನು ಗ್ರಹಿಸುವ ಶಕ್ತಿ ಕುಂದುವುದು. 1952ರಿಂದ ಈಚೆಗೆ ಬಳಕೆಗೆ ಬಂದ ಔಷಧಗಳು ಭ್ರಾಂತಿಗಳನ್ನು ಬಹುಮಟ್ಟಿಗೆ ಅಡಗಿಸಬಲ್ಲವಾದರೂ ಈ ನಷ್ಟವನ್ನು ತುಂಬುವುದು ಅತ್ಯಲ್ಪ. ರೋಗಿಯು ಮರಳಿ ಉದ್ಯೋಗಕ್ಕೆ ತೊಡಗುವನೋ ಮನೆಯ ಮೂಲೆಯಲ್ಲಿಯೇ ಉಳಿಯುವನೋ ಎಂಬುದು ಹೆಚ್ಚಾಗಿ ಇದನ್ನೇ ಅವಲಂಬಿಸಿದೆ. ಆದುದರಿಂದ, ದೇಹಶ್ರಮದಿಂದ ಬುದ್ಧಿವ್ಯಾಪಾರವು ಚುರುಕಾಗುವುದೆಂಬ ವಾದವು ಹೊರಟಾಗ, ಅದನ್ನು ಹರ್ಷದಿಂದ ಸ್ವಾಗತಿಸುವುದಕ್ಕೆ ಮೊದಲು ನಿದಾನವಾಗಿ ಪರಿಶೀಲಿಸುವುದು ಯುಕ್ತವಾಗಿದೆ.

ಈ ರೋಗಕ್ಕೆ ಮೊದಲು ಬಿದ್ದ ಹೆಸರಿನಲ್ಲಿಯೇ ನಿರಾಶೆ ಅಡಗಿದ್ದಿತು. ಜರ್ಮನಿಯ ಕ್ರೆಪೆಲಿನ್ ಅದನ್ನು ಅಕಾಲದ ಬುದ್ಧಿಕ್ಷಯವೆಂಬ ಅರ್ಥದ ಲ್ಯಾಟಿನ್ ಪದಗಳಿಂದ ಕರೆದನು. 1908ರಲ್ಲಿ ಸ್ವಿಟ್ಜರ್ಲೆಂಡಿನ ಬ್ಲಾಯ್ಲರನು ಗ್ರೀಕ್ ಧಾತುಗಳಿಂದ ಸ್ಕಿಜೋಫ್ರೀನಿಯಾ ಎಂಬ ಹೊಸ ಹೆಸರನ್ನು ರಚಿಸಿದನು. ಹೆಸರು ಮಾರ್ಪಟ್ಟರೂ, ಕುಂದಿದ ಬುದ್ಧಿಶಕ್ತಿಯು ಮರಳಿ ಬಾರದೆಂಬ ಭಾವನೆಯು ವೈದ್ಯರಲ್ಲಿಯೂ ಬಂಧುಗಳಲ್ಲಿಯೂ ಬಹುಕಾಲ ನಿಂತಿತು.

ಪಾಯೋಂಕ್ ಮತ್ತು ಅವರ ಸಂಗಡಿಗರು 2010ರಲ್ಲಿ ಜರ್ಮನಿಯಿಂದ ಪ್ರಕಟಿಸಿದ ಪ್ರಬಂಧವು ಇಷ್ಟೊಂದು ಗಮನ ಸೆಳೆದುದಕ್ಕೆ ಇದೇ ಕಾರಣ. ದೀರ್ಘಕಾಲದ ರೋಗಿಗಳಾದ ಪುರುಷರಲ್ಲಿ ಒಂದು ಗುಂಪು ಮೂರು ತಿಂಗಳು ಸೈಕಲ್ ಯಂತ್ರವನ್ನು ತುಳಿಯಿತು. ಮತ್ತೊಂದು ಗುಂಪು ಅಷ್ಟೇ ಕಾಲ ಮೇಜಿನ ಮೇಲಿನ ಕಾಲ್ಚೆಂಡಿನಾಟವನ್ನು ಆಡಿತು. ಆರೋಗ್ಯವಂತರ ಗುಂಪೊಂದು ಹೋಲಿಕೆಗಾಗಿ ಸೈಕಲ್ ತುಳಿಯಿತು. ನೆನಪಿಗೆ ಸಂಬಂಧಪಟ್ಟ ಹಿಪೊಕ್ಯಾಂಪಸ್ ಎಂಬ ಮಿದುಳಿನ ಭಾಗದ ಸಾಪೇಕ್ಷ ಗಾತ್ರವು ತುಳಿದ ರೋಗಿಗಳಲ್ಲಿ ನೂರಕ್ಕೆ 12ರಷ್ಟು, ಆರೋಗ್ಯವಂತರಲ್ಲಿ 16ರಷ್ಟು ಬೆಳೆಯಿತೆಂದೂ, ಆಟವಾಡಿದವರಲ್ಲಿ ಬೆಳೆಯಲಿಲ್ಲವೆಂದೂ ಅವರು ವರದಿಮಾಡಿದರು.

ಈ ಪ್ರಯೋಗದಲ್ಲಿ ಮೆಚ್ಚತಕ್ಕ ಗುಣವೊಂದುಂಟು. ಹೋಲಿಕೆಯ ರೋಗಿಗಳನ್ನು ಸುಮ್ಮನೆ ಕುಳ್ಳಿರಿಸದೆ, ಅವರಿಗೂ ಜನಸಂಗವನ್ನೂ ಉಲ್ಲಾಸವನ್ನೂ ಒದಗಿಸಲಾಯಿತು. ಹಾಗೆ ಮಾಡದಿದ್ದರೆ, ಫಲವು ಶ್ರಮದಿಂದ ಬಂದಿತೋ ಸಂಗದಿಂದ ಬಂದಿತೋ ಎಂಬುದು ತಿಳಿಯುತ್ತಿರಲಿಲ್ಲ. ಆದರೆ ಒಂದೊಂದು ಗುಂಪಿನಲ್ಲಿ ಇದ್ದವರು ಎಂಟೇ ಮಂದಿ. ಇಷ್ಟು ಕಿರಿದಾದ ಅಡಿಪಾಯದ ಮೇಲೆ ದೊಡ್ಡ ಕಟ್ಟಡ ನಿಲ್ಲಲಾರದು. ನೆದರ್ಲೆಂಡ್ಸಿನಲ್ಲಿ ಷೇವ ಮತ್ತು ಸಂಗಡಿಗರು 63 ಮಂದಿ ರೋಗಿಗಳನ್ನು ತೆಗೆದುಕೊಂಡು ಆರು ತಿಂಗಳು ನಡೆಸಿ 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವ್ಯಾಯಾಮದಿಂದ ಆ ಭಾಗವು ಬೆಳೆದುದು ಕಂಡುಬರಲಿಲ್ಲ.

ಬಿಡಿ ಪ್ರಯೋಗಗಳನ್ನು ಕೂಡಿಸಿ ತೂಗಿದ ಕೃತಿಯೆಂದರೆ ಫರ್ತ್ ಮತ್ತು ಸಂಗಡಿಗರ 2017ರ ಪ್ರಬಂಧ. ಹತ್ತು ಪ್ರಯೋಗಗಳು, 385 ಮಂದಿ ರೋಗಿಗಳು. ಬುದ್ಧಿವ್ಯಾಪಾರದ ಒಟ್ಟು ಲಾಭವನ್ನು ಅವರು 0.33 ಎಂದು ಎಣಿಸಿರುವರು. ಸಂಖ್ಯಾಶಾಸ್ತ್ರದ ವಾಡಿಕೆಯಂತೆ 0.2 ಅಲ್ಪ, 0.5 ಮಧ್ಯಮ, 0.8 ಅಧಿಕ. ಕಾರ್ಯಕಾಲದ ನೆನಪಿನಲ್ಲಿ 0.39, ಅವಧಾನದಲ್ಲಿ 0.66, ಪರರ ಭಾವವನ್ನರಿಯುವ ಸಾಮಾಜಿಕ ಗ್ರಹಣದಲ್ಲಿ 0.71 ಲಾಭ ದೊರೆತಿತು. ಮಾತಿನ ನೆನಪು, ದೃಶ್ಯದ ನೆನಪು, ಯೋಚನೆಯ ವೇಗ, ತರ್ಕ ಇವುಗಳಲ್ಲಿ ನಿಶ್ಚಿತವಾದ ಲಾಭ ತೋರಲಿಲ್ಲ. ವ್ಯಾಯಾಮವನ್ನು ಬಲ್ಲವರ ಮೇಲ್ವಿಚಾರಣೆಯಲ್ಲಿ ಫಲವು ಹೆಚ್ಚಿತು.

ಈ ಎರಡು ಪ್ರಬಂಧಗಳನ್ನು ಒಟ್ಟಿಗೆ ಇಟ್ಟು ಓದಿದವರಿಗೆ ಒಂದು ವಿರೋಧವು ಹೊಳೆಯದಿರದು. ಹಿಪೊಕ್ಯಾಂಪಸ್ಸು ಮುಖ್ಯವಾಗಿ ನೆನಪಿನ ನೆಲೆ. ಅದು ಬೆಳೆಯುವುದೇ ಲಾಭಕ್ಕೆ ಕಾರಣವಾಗಿದ್ದರೆ, ಮಾತಿನ ನೆನಪು ಎಲ್ಲಕ್ಕಿಂತ ಮೊದಲು ಚೇತರಿಸಬೇಕಾಗಿತ್ತು. ಆದರೆ ಲಾಭ ತೋರದೆ ಹೋದುದು ಅಲ್ಲಿಯೇ. ಹೆಚ್ಚು ತೋರಿದುದು ಜನರ ನಡುವೆ ಬೆಳೆಯುವ ಶಕ್ತಿಯಲ್ಲಿ. ಕಾಲು ತುಳಿಯಿತು, ಮಿದುಳು ಬೆಳೆಯಿತು, ನೆನಪು ಮರಳಿತು ಎಂಬ ಸರಳವಾದ ಕಥೆಯನ್ನು ಈ ಅಂಕಿಗಳು ಸಮರ್ಥಿಸುವುದಿಲ್ಲ. ಫಲವುಂಟೆಂದು ಒಪ್ಪುವುದು ಒಂದು. ಕಾರಣವು ತಿಳಿಯಿತೆನ್ನುವುದು ಇನ್ನೊಂದು. ಅಲ್ಲದೆ, ಗುಳಿಗೆಯನ್ನು ಮರೆಮಾಚಿ ಕೊಡಬಹುದು. ತಾನು ವ್ಯಾಯಾಮ ಮಾಡುತ್ತಿರುವೆನೆಂಬುದನ್ನು ರೋಗಿಯಿಂದ ಮರೆಮಾಚುವುದು ಸಾಧ್ಯವಿಲ್ಲ. ಹೀಗಾಗಿ ನಿರೀಕ್ಷೆಯ ಪಾಲನ್ನು ಪೂರ್ತಿಯಾಗಿ ಕಳೆಯುವುದು ಇಲ್ಲಿ ದುಸ್ಸಾಧ್ಯ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಪ್ರಯೋಗಗಳು ಈ ಪ್ರಶ್ನೆಯನ್ನು ಇನ್ನಷ್ಟು ತೀಕ್ಷ್ಣಗೊಳಿಸುತ್ತವೆ. ಅಲ್ಲಿ ವ್ಯಾಯಾಮವೇ ಹೋಲಿಕೆಯ ಗುಂಪಾಯಿತು. 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಔಷಧವನ್ನು ಮುಂದುವರಿಸಿಕೊಂಡೇ, 61 ಮಂದಿ ರೋಗಿಗಳಲ್ಲಿ ಕೆಲವರಿಗೆ ಯೋಗವನ್ನೂ ಕೆಲವರಿಗೆ ವ್ಯಾಯಾಮವನ್ನೂ ನಾಲ್ಕು ತಿಂಗಳು ವಿಧಿಸಲಾಯಿತು. ಯೋಗದ ಗುಂಪು ರೋಗಲಕ್ಷಣಗಳಲ್ಲಿಯೂ ಲೋಕವ್ಯವಹಾರದಲ್ಲಿಯೂ ಮುಂದಾಯಿತು. 2011ರ ಮತ್ತೊಂದು ಪ್ರಯೋಗದಲ್ಲಿ ಮುಖಭಾವವನ್ನು ಗುರುತಿಸುವ ಶಕ್ತಿಯು ಯೋಗದ ಗುಂಪಿನಲ್ಲಿ ಹೆಚ್ಚಿತು; ವ್ಯಾಯಾಮದ ಗುಂಪಿನಲ್ಲಿ ಗಣನೀಯವಾಗಿ ಹೆಚ್ಚಲಿಲ್ಲ. ಸೈಕಲ್ ತುಳಿಯುವಷ್ಟು ಏದುಸಿರು ಯೋಗದಲ್ಲಿ ಇಲ್ಲ. ಆದುದರಿಂದ ಪ್ರಾಣವಾಯುವಿನ ಸೇವನೆಯೊಂದೇ ಕಾರಣವೆಂಬ ವಾದಕ್ಕೆ ಇದು ತೊಡಕು. ಅಷ್ಟರಿಂದಲೇ ಯೋಗವು ಸರ್ವಶ್ರೇಷ್ಠವೆಂದು ಸಾರುವುದೂ ಸರಿಯಲ್ಲ. ಇಲ್ಲಿಯೂ ಗುಂಪುಗಳು ಚಿಕ್ಕವೇ. ವ್ಯಾಯಾಮವೆಂಬ ಒಂದೇ ಶಬ್ದದಡಿಯಲ್ಲಿ ಭಿನ್ನವಾದ ಕ್ರಿಯೆಗಳನ್ನು ಕೂಡಿಹಾಕಿ ಸರಾಸರಿ ತೆಗೆಯುವ ಪದ್ಧತಿಯಲ್ಲಿಯೇ ದೋಷವಿದೆಯೆಂಬುದನ್ನು ಇದರಿಂದ ತಿಳಿಯಬೇಕು.

ಹಾಗಾದರೆ ಈ ಸಂಶೋಧನೆಗಳಿಂದ ಗ್ರಹಿಸತಕ್ಕದ್ದೇನು? ಲಾಭವು ಮಿತವಾದುದು, ಆದರೆ ತಳ್ಳಿಹಾಕತಕ್ಕದ್ದಲ್ಲ. ಅತಿಯಾಗಿ ಹೊಗಳಿದರೆ, ಔಷಧವನ್ನು ಬಿಟ್ಟು ಓಡಾಟವೊಂದನ್ನೇ ನಂಬುವ ಕುಟುಂಬಕ್ಕೆ ಹಾನಿಯುಂಟು, ರೋಗವು ಮರುಕಳಿಸೀತು. ಅತಿಯಾಗಿ ಸಂಶಯಿಸಿದರೆ, ದಿನವೆಲ್ಲ ಹಾಸಿಗೆಯ ಮೇಲೆ ಕುಳಿತಿರುವ ರೋಗಿಯು ಹಾಗೆಯೇ ಉಳಿಯುವನು. ಈ ರೋಗಿಗಳ ಆಯುಸ್ಸು ಇತರರಿಗಿಂತ ಹತ್ತು ವರ್ಷಗಳಿಗೂ ಹೆಚ್ಚಾಗಿ ಕಡಮೆಯೆಂಬುದೂ, ಅದಕ್ಕೆ ಹೃದ್ರೋಗವು ಒಂದು ಮುಖ್ಯ ಕಾರಣವೆಂಬುದೂ ಸಿದ್ಧವಾಗಿರುವುದರಿಂದ, ಬುದ್ಧಿಯ ಲಾಭವನ್ನು ಬದಿಗಿಟ್ಟರೂ ವ್ಯಾಯಾಮಕ್ಕೆ ಸ್ಥಾನವಿದ್ದೇ ಇದೆ. ಮುಂದಿನ ಪ್ರಯೋಗಗಳು ಹೆಚ್ಚು ಮಂದಿಯನ್ನು ಒಳಗೊಂಡು, ಹೋಲಿಕೆಯ ಗುಂಪಿಗೂ ಸಮಾನವಾದ ಸಂಗವನ್ನೂ ಆದರವನ್ನೂ ಒದಗಿಸಿ ನಡೆದಲ್ಲಿ, ಶ್ರಮದ ಪಾಲೆಷ್ಟು, ಸಹವಾಸದ ಪಾಲೆಷ್ಟು ಎಂಬುದು ನಿರ್ಣಯವಾದೀತು. ಅಲ್ಲಿಯವರೆಗೆ ಔಷಧದ ಜೊತೆಗೆ, ಬಲ್ಲವರೊಬ್ಬರ ಮೇಲ್ವಿಚಾರಣೆಯಲ್ಲಿ, ನಾಲ್ಕು ಜನರೊಡನೆ ದೇಹವನ್ನು ದುಡಿಸುವುದೇ ಈ ಪ್ರಬಂಧಗಳು ಸಮರ್ಥಿಸುವ ಮಾರ್ಗವಾಗಿದೆ.