ಕೇಳಿದ ಆಕಾರದಲ್ಲೇ ಉತ್ತರ

ಮೂರು ಆಯಾಮದ ಮಾದರಿಯೊಂದು ಕಂಪ್ಯೂಟರಿನೊಳಗೆ ಸಾಮಾನ್ಯವಾಗಿ ಎರಡು ಪಟ್ಟಿಗಳಾಗಿ ಇರುತ್ತದೆ. ಒಂದರಲ್ಲಿ ಶೃಂಗಗಳ ನಿರ್ದೇಶಾಂಕಗಳು. ಇನ್ನೊಂದರಲ್ಲಿ ತ್ರಿಭುಜಗಳು: ಸಾಲಿಗೊಂದು ತ್ರಿಭುಜ, ಪ್ರತಿ ಸಾಲಿನಲ್ಲಿ ಮೂರು ಪೂರ್ಣಾಂಕ, ಒಂದೊಂದೂ ಒಂದು ಶೃಂಗದ ಕ್ರಮಸಂಖ್ಯೆ. ಈ ಮಾದರಿಯ ಒಂದು ಭಾಗವನ್ನಷ್ಟೇ ಬೇರ್ಪಡಿಸಬೇಕು ಅಂದುಕೊಳ್ಳಿ. ಬೇಕಾದ ಶೃಂಗಕ್ಕೆ ಟ್ರೂ, ಬೇಡದ್ದಕ್ಕೆ ಫಾಲ್ಸ್ ಎಂದು ಗುರುತು ಹಾಕಿದ ಲಾಜಿಕಲ್ ಅರೇ ಸಿದ್ಧವಾಗಿದೆ. ಯಾವ ಯಾವ ತ್ರಿಭುಜಗಳ ಮೂರೂ ಶೃಂಗಗಳು ನಮಗೆ ಬೇಕಾದವು?

ಮ್ಯಾಟ್‌ಲ್ಯಾಬ್‌ನಲ್ಲಿ ಕೈ ಪಳಗಿದವರು ಇದಕ್ಕೆ ಲೂಪ್ ಬರೆಯುವುದಿಲ್ಲ. ‘ಗುರುತು(ತ್ರಿಭುಜ)’ ಎನ್ನುತ್ತಾರೆ, ಅಷ್ಟೆ. ತ್ರಿಭುಜಗಳ ಇಡೀ ಮ್ಯಾಟ್ರಿಕ್ಸ್ ಇಂಡೆಕ್ಸ್ ಆಗಿ ಒಳಗೆ ಹೋಗುತ್ತದೆ. ಅಷ್ಟೇ ಸಾಲು, ಅಷ್ಟೇ ಕಾಲಂ ಇರುವ, ಆದರೆ ಪ್ರತಿ ಸಂಖ್ಯೆಯ ಜಾಗದಲ್ಲೂ ಟ್ರೂ ಅಥವಾ ಫಾಲ್ಸ್ ಇರುವ ಮ್ಯಾಟ್ರಿಕ್ಸ್ ಹೊರಗೆ ಬರುತ್ತದೆ. ಅದಕ್ಕೆ ಸಾಲುವಾರು ‘ಆಲ್’ ಹಾಕಿದರೆ ಉತ್ತರ ಸಿಕ್ಕಿತು. ಒಂದು ಶೃಂಗ ಸೇರಿದ್ದರೂ ಸಾಕು ಎನ್ನುವವರಿಗೆ ‘ಎನಿ’ ಇದೆ.

ಅರೇಗಳೊಂದಿಗೆ ಕೆಲಸ ಮಾಡುವ ರೂಢಿಗಳಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ಇದು. ಲಾಜಿಕಲ್ ಅರೇಯನ್ನೇ ಇಂಡೆಕ್ಸ್ ಮಾಡಿ ಬೇಡದ್ದನ್ನು ಸೋಸುವ ವಿಧಾನ ಎಲ್ಲರಿಗೂ ಗೊತ್ತು. ಅಲ್ಲಿ ಮೂಲದ ಆಕಾರ ಉಳಿಯುವುದಿಲ್ಲ, ಆಯ್ದದ್ದೆಲ್ಲ ಒಂದು ಉದ್ದ ಪಟ್ಟಿಯಾಗುತ್ತದೆ. ಇಲ್ಲಿ ಲಾಜಿಕಲ್ ಅರೇ ಸೋಸುವುದಿಲ್ಲ, ಕೇಳಿದ್ದಕ್ಕೆ ಉತ್ತರ ಹೇಳುತ್ತದೆ. ಪ್ರಶ್ನೆ ಯಾವ ಆಕಾರದಲ್ಲಿತ್ತೋ ಉತ್ತರವೂ ಅದೇ ಆಕಾರದಲ್ಲಿ ಬರುವುದರಿಂದ, ಯಾವ ಉತ್ತರ ಯಾವ ತ್ರಿಭುಜದ ಯಾವ ಮೂಲೆಗೆ ಸೇರಿದ್ದು ಎಂದು ಹುಡುಕುವ ಪ್ರಮೇಯವೇ ಇಲ್ಲ. ವೇಗದ ಲಾಭವೂ ಇದೆ. ‘ಈಸ್‌ಮೆಂಬರ್’ ಬಳಸಿ ಪ್ರತಿ ಸಂಖ್ಯೆಯೂ ಬೇಕಾದವುಗಳ ಪಟ್ಟಿಯಲ್ಲಿದೆಯೇ ಎಂದು ನೋಡಬಹುದು, ಆದರೆ ಅದು ಹುಡುಕಾಟ. ಲಾಜಿಕಲ್ ಅರೇಯಲ್ಲಾದರೆ ನೇರವಾಗಿ ಆ ಜಾಗಕ್ಕೇ ಹೋಗಿ ಓದುವುದು. ಮ್ಯಾಟ್‌ಲ್ಯಾಬ್‌ನಲ್ಲೂ ಪೈಥಾನ್ ಭಾಷೆಯ ನಂಪೈ ಲೈಬ್ರರಿಯಲ್ಲೂ ಒಂದು ಟ್ರೂ ಅಥವಾ ಫಾಲ್ಸ್ ಒಂದು ಬೈಟ್ ಹಿಡಿಯುತ್ತದೆ. ಹತ್ತು ಲಕ್ಷ ಶೃಂಗಗಳಿಗೆ ಬೇಕಾಗುವುದು ಹತ್ತು ಲಕ್ಷ ಬೈಟ್ ಮಾತ್ರ.

ಇಷ್ಟು ಒಳ್ಳೆಯ ರೂಢಿಯ ಮೇಲೆ ನನಗಿರುವ ತಕರಾರು ಮ್ಯಾಟ್‌ಲ್ಯಾಬ್ ಇಟ್ಟುಕೊಂಡಿರುವ ಒಂದು ಅಪವಾದದ್ದು. ಇಂಡೆಕ್ಸ್ ಮ್ಯಾಟ್ರಿಕ್ಸ್ ಆಗಿದ್ದರೆ ಫಲಿತಾಂಶಕ್ಕೆ ಇಂಡೆಕ್ಸಿನ ಆಕಾರ. ಆದರೆ ಮೂಲವೂ ಇಂಡೆಕ್ಸೂ ಎರಡೂ ವೆಕ್ಟರ್ (ಒಂದೇ ಸಾಲು ಅಥವಾ ಒಂದೇ ಕಾಲಂ) ಆದರೆ ಫಲಿತಾಂಶ ಮೂಲದ ದಿಕ್ಕನ್ನು ಹಿಡಿಯುತ್ತದೆ. ಇದಕ್ಕೆ ಕಾರಣವಿಲ್ಲದಿಲ್ಲ. ಕಾಲಂ ವೆಕ್ಟರಿನ ಮೊದಲ ಮೂರು ಅಂಶ ಕೇಳುವವರು ಇಂಡೆಕ್ಸಾಗಿ ಬರೆಯುವ 1:3 ಎಂಬುದು ಅಡ್ಡಸಾಲು, ಅವರಿಗೆ ಬೇಕಾದ ಉತ್ತರ ಮಾತ್ರ ಕಾಲಂ. ದಿನನಿತ್ಯದ ಆ ಅನುಕೂಲಕ್ಕಾಗಿ ಈ ಅಪವಾದ.

ಅದರ ಬೆಲೆ ಎಷ್ಟೆಂದು ನೋಡಿ. ಮಾದರಿಯಲ್ಲಿ ಒಂದೇ ತ್ರಿಭುಜ ಇದೆ, ಗುರುತುಗಳ ಅರೇ ಕಾಲಂ ಆಗಿದೆ. ತ್ರಿಭುಜಗಳ ಮ್ಯಾಟ್ರಿಕ್ಸ್ ಈಗ ಒಂದು ಸಾಲಿನದ್ದು, ಅಂದರೆ ವೆಕ್ಟರ್. ಹಾಗಾಗಿ ‘ಗುರುತು(ತ್ರಿಭುಜ)’ ಕೊಡುವುದು ಮೂರು ಅಂಶಗಳ ಕಾಲಂ. ಸಾಲುವಾರು ‘ಆಲ್’ ಹಾಕಿದರೆ ಒಂದು ಉತ್ತರದ ಬದಲು ಮೂರು ಬರುತ್ತವೆ. ಆ ಮೂರನ್ನು ತ್ರಿಭುಜಗಳ ಸಾಲು ಆಯಲು ಬಳಸಿದಾಗ ಎರಡನೆಯದೋ ಮೂರನೆಯದೋ ಟ್ರೂ ಆಗಿದ್ದರೆ ಇಲ್ಲದ ಸಾಲನ್ನು ಕೇಳಿದಂತಾಗಿ ಎರರ್ ಬರುತ್ತದೆ. ಮೊದಲನೆಯದು ಮಾತ್ರ ಟ್ರೂ ಆಗಿದ್ದರೆ ಎರರ್ ಕೂಡ ಇಲ್ಲ. ಲಾಜಿಕಲ್ ಇಂಡೆಕ್ಸಿನ ಕೊನೆಯಲ್ಲಿ ಹೆಚ್ಚುವರಿ ಫಾಲ್ಸ್‌ಗಳಿದ್ದರೆ ಮ್ಯಾಟ್‌ಲ್ಯಾಬ್ ಆಕ್ಷೇಪಿಸುವುದಿಲ್ಲ. ಒಂದೇ ಶೃಂಗ ಹೊಂದುವ ತ್ರಿಭುಜ ಮೂರೂ ಹೊಂದುವ ತ್ರಿಭುಜದಂತೆ ಆಯ್ಕೆಯಾಗಿಬಿಡುತ್ತದೆ. ಲಕ್ಷ ತ್ರಿಭುಜಗಳ ಮಾದರಿಯ ಮೇಲೆ ಎಷ್ಟು ಪರೀಕ್ಷಿಸಿದರೂ ಈ ದೋಷ ಕಾಣುವುದಿಲ್ಲ. ಮಾದರಿ ತುಂಡುತುಂಡಾಗಿ, ಒಂದು ತುಂಡಿನಲ್ಲಿ ಒಂದೇ ತ್ರಿಭುಜ ಉಳಿದ ದಿನ ಕಾಣುತ್ತದೆ. ಪ್ರಶ್ನೆಯ ಆಕಾರವೇ ಉತ್ತರದ ಆಕಾರ ಎಂಬ ಮಾತಿನ ಮೇಲೆಯೇ ಇಡೀ ರೂಢಿ ನಿಂತಿರುವಾಗ, ಆ ಮಾತನ್ನು ಅತಿ ಚಿಕ್ಕ ಉದಾಹರಣೆಯಲ್ಲೇ ಮುರಿಯುವುದು ಭಾಷೆಯ ವಿನ್ಯಾಸದ ತಪ್ಪು ಎಂದೇ ನಾನು ಹೇಳುತ್ತೇನೆ. ಕೆನೆತ್ ಐವರ್ಸನ್ 1962ರ ತಮ್ಮ ಪುಸ್ತಕದಲ್ಲಿ ಮಂಡಿಸಿದ ಸಂಕೇತಗಳಿಂದ ಬೆಳೆದ ಎಪಿಎಲ್ ಭಾಷೆಯಲ್ಲಿ ವೆಕ್ಟರನ್ನು ಇಂಡೆಕ್ಸ್ ಮಾಡಿದಾಗ ಉತ್ತರಕ್ಕೆ ಯಾವಾಗಲೂ ಇಂಡೆಕ್ಸಿನದೇ ಆಕಾರ. ದಾರಿ ಮುಂಚೆಯೇ ಇತ್ತು.

ನಂಪೈ ಆ ದಾರಿಯಲ್ಲೇ ನಡೆಯುತ್ತದೆ. ಅಲ್ಲಿ ಒಂದೇ ತ್ರಿಭುಜವಿದ್ದರೂ ಉತ್ತರ ಒಂದು ಸಾಲು, ಮೂರು ಕಾಲಂ. ಅದರ ಅಪಾಯ ಬೇರೆ ಕಡೆ ಇದೆ. ಪೈಥಾನಿನಲ್ಲಿ -1 ಎಂದರೆ ಕೊನೆಯ ಅಂಶ. ಪೈಥಾನಿನದೇ ಸೈಪೈ ಲೈಬ್ರರಿಯಲ್ಲಿ ಬಿಂದುಗಳನ್ನು ತ್ರಿಭುಜಗಳಾಗಿ ಜೋಡಿಸುವ ಡಿಲೋನೆ ತ್ರಿಭುಜೀಕರಣ ಪ್ರತಿ ತ್ರಿಭುಜದ ನೆರೆಯ ತ್ರಿಭುಜಗಳನ್ನು ಪೂರ್ಣಾಂಕಗಳ ಮ್ಯಾಟ್ರಿಕ್ಸಿನಲ್ಲಿ ಕೊಡುತ್ತದೆ, ಅಂಚಿನಲ್ಲಿ ನೆರೆಯೇ ಇಲ್ಲದ ಕಡೆ -1 ಹಾಕುತ್ತದೆ. ತ್ರಿಭುಜಗಳಿಗೆ ಗುರುತು ಹಾಕಿದ ಅರೇಗೆ ಆ ಮ್ಯಾಟ್ರಿಕ್ಸನ್ನು ಹಾಗೇ ಇಂಡೆಕ್ಸ್ ಮಾಡಿದರೆ, ಇಲ್ಲದ ನೆರೆಯ ಪರವಾಗಿ ಪಟ್ಟಿಯ ಕೊನೆಯ ತ್ರಿಭುಜ ಉತ್ತರ ಕೊಡುತ್ತದೆ. ಎರರ್ ಇಲ್ಲ, ಎಚ್ಚರಿಕೆಯೂ ಇಲ್ಲ. ಮ್ಯಾಟ್‌ಲ್ಯಾಬ್ ಇದೇ ಜಾಗದಲ್ಲಿ ‘ನ್ಯಾನ್’ (ಸಂಖ್ಯೆಯಲ್ಲ ಎಂಬ ಗುರುತು) ಇಡುತ್ತದೆ. ಅದು ಇಂಡೆಕ್ಸ್ ಆಗಲಾರದು, ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ. ಈ ವಿಷಯದಲ್ಲಿ ಮ್ಯಾಟ್‌ಲ್ಯಾಬೇ ಮೇಲು.

ಎರಡಕ್ಕೂ ಪರಿಹಾರ ಒಂದೊಂದು ಸಾಲಿನದ್ದು. ಮ್ಯಾಟ್‌ಲ್ಯಾಬ್‌ನಲ್ಲಿ ಫಲಿತಾಂಶವನ್ನು ತ್ರಿಭುಜ ಮ್ಯಾಟ್ರಿಕ್ಸಿನ ಅಳತೆಗೇ ‘ರೀಶೇಪ್’ ಮಾಡಬೇಕು, ದೊಡ್ಡ ಮಾದರಿಯಲ್ಲಿ ಅನಗತ್ಯ ಎನಿಸಿದರೂ. ನಂಪೈಯಲ್ಲಿ ತ್ರಿಭುಜಗಳ ಗುರುತಿನ ಅರೇಯ ಕೊನೆಗೆ ಒಂದು ಫಾಲ್ಸ್ ಸೇರಿಸಿದರೆ -1 ಹೋಗಿ ಅದನ್ನೇ ಓದುತ್ತದೆ, ಬೇಕಾದ ನೆರೆ ಅಲ್ಲಿಲ್ಲ ಎಂಬ ಸರಿಯಾದ ಉತ್ತರವೇ ಸಿಗುತ್ತದೆ. ಈ ಎರಡನೆಯದನ್ನು ಬರೆಯುವಾಗ ಪಕ್ಕದಲ್ಲೊಂದು ಟಿಪ್ಪಣಿ ಬೇಕೇ ಬೇಕು. ಆ ಫಾಲ್ಸ್ ಅಲ್ಲಿ ಏಕಿದೆ ಎಂದು ತಿಳಿಯದವರು ಹೆಚ್ಚುವರಿ ಅಂಶವೆಂದು ಅದನ್ನು ಅಳಿಸಿದರೆ ಹಳೆಯ ತಪ್ಪು ಸದ್ದಿಲ್ಲದೆ ಮರಳುತ್ತದೆ.