ಮರದ ಬಾಡಿಯ ಲಾರಿ

ಹಳೆಯ ಮೋಟಾರು ವಾಹನಗಳಲ್ಲಿ ಅಭಿರುಚಿಯುಳ್ಳ ಮಹನೀಯರು ಕಾರುಗಳಿಗೆ ಸಲ್ಲಿಸುವ ಆದರದ ಶತಾಂಶವನ್ನಾದರೂ ಲಾರಿಗಳಿಗೆ ಸಲ್ಲಿಸಿದ್ದರೆ, ಗಂಗಾವತಿಯ ಅಕ್ಕಿ ಗಿರಣಿಗಳ ಹಿಂದಣ ಬಯಲಿನಲ್ಲಿಯೂ ಯಲಬುರ್ಗಾದ ಎರೆಹೊಲಗಳ ಬದುವಿನಲ್ಲಿಯೂ ಗಾಲಿ ಕಳೆದುಕೊಂಡು ಕುಳಿತಿದ್ದ ಎಷ್ಟೋ ವಾಹನಗಳು ಗುಜರಿಯ ತಕ್ಕಡಿಯನ್ನು ಏರುತ್ತಿರಲಿಲ್ಲ. ವೀರೇಂದ್ರ ಹೆಗ್ಗಡೆಯವರು ಧರ್ಮಸ್ಥಳದಲ್ಲಿ ಕಾಪಾಡಿಟ್ಟಿರುವ ಕಾರುಗಳ ಮುಂದೆ ನಿಂತು ಮೈಮರೆಯುವವರಲ್ಲಿ ನಾನೂ ಒಬ್ಬನೇ. ಆದರೆ ನಮ್ಮ ಸೀಮೆಯ ಅನ್ನವನ್ನು ಹೊತ್ತದ್ದು ಕಾರಲ್ಲ. ತುಂಗಭದ್ರಾ ಜಲಾಶಯದ ನೀರು ಮೊದಲು ಕಾಲುವೆಗಿಳಿದದ್ದು 1953ರಲ್ಲಿ. ಜಮ್‌ಶೆಡ್‌ಪುರದ ಟೆಲ್ಕೋ ಕಾರ್ಖಾನೆಯಿಂದ ಮೊದಲ ಲಾರಿ ಹೊರಬಂದದ್ದು ಮರುವರ್ಷ, 1954ರಲ್ಲಿ. ಕಾಲುವೆಯು ಬೆಳೆಯಿಸಿದ ಭತ್ತವನ್ನು ಊರಾಚೆಗೆ ಒಯ್ಯಲು ಈ ಲಾರಿಯು ಹೇಳಿ ಕಳುಹಿಸಿದಂತೆ ಬಂದಿತೆಂದರೆ ಅತಿಶಯೋಕ್ತಿಯಾಗದು.

ಜರ್ಮನಿಯ ಡೈಮ್ಲರ್-ಬೆಂಜ್ ಸಂಸ್ಥೆಯೊಡನೆ ಮಾಡಿಕೊಂಡಿದ್ದ 15 ವರ್ಷಗಳ ಒಪ್ಪಂದವು 1969ರಲ್ಲಿ ಮುಗಿಯುವ ತನಕ ಆ ಲಾರಿಗಳ ಹಣೆಯ ಮೇಲೆ ಮೂರು ಮೊನೆಯ ನಕ್ಷತ್ರವು ಮೆರೆಯುತ್ತಿತ್ತು. ಮುಂದಕ್ಕೆ ಮೂತಿ ಚಾಚಿದ, ಆರು ಸಿಲಿಂಡರಿನ ಡೀಸೆಲ್ ಎಂಜಿನ್ನಿನ ಆ ವಾಹನವನ್ನು ಮನೆಯಂಗಳದಲ್ಲಿಯೇ ಪುನರುದ್ಧಾರ ಮಾಡಬೇಕೆಂದು ಹೊರಡುವವನ ಮುಂದೆ ಮೊಟ್ಟಮೊದಲು ನಿಲ್ಲುವ ಪ್ರಶ್ನೆಯು ಸ್ಪ್ಯಾನರಿನದಲ್ಲ, ವಿವೇಕದ್ದು: ಇದರ ಮೂಲರೂಪ ಯಾವುದು? ಕಾರಿನ ರಸಿಕನಿಗೆ ಈ ಸಂಕಟವಿಲ್ಲ. ಕಂಪನಿಯ ಕ್ಯಾಟಲಾಗನ್ನು ತೆರೆದರೆ ಬಣ್ಣದಿಂದ ಬಾಗಿಲ ಹಿಡಿಯವರೆಗೆ ಸರ್ವವೂ ಅಲ್ಲಿ ನಿರ್ಣೀತವಾಗಿದೆ. ಲಾರಿಯಾದರೋ ಕಾರ್ಖಾನೆಯಿಂದ ಹೊರಬೀಳುತ್ತಿದ್ದುದೇ ಅರೆಮೈಯಲ್ಲಿ. ಎಂಜಿನ್ನು, ಗಾಲಿ, ಸ್ಟೇರಿಂಗು, ಮುಂಭಾಗದ ತಗಡು ಇಷ್ಟೇ ಇರುವ ಬೋಳು ಚಾಸಿಯ ಮೇಲೆ ಹಲಗೆಯ ತಾತ್ಕಾಲಿಕ ಆಸನವೊಂದನ್ನು ಕಟ್ಟಿಕೊಂಡು, ತಲೆಗೆ ಟವೆಲು ಸುತ್ತಿಕೊಂಡು, ಬಿಸಿಲುಗಾಳಿಗಳಿಗೆ ಮೈಯೊಡ್ಡಿ ನೂರಾರು ಮೈಲಿ ಓಡಿಸಿಕೊಂಡು ಬಂದ ಚಾಲಕನು ಅದನ್ನು ಮಾಲೀಕನಿಗೆ ಒಪ್ಪಿಸಿದ ತರುವಾಯ, ಕ್ಯಾಬಿನ್ನನ್ನೂ ಹಿಂಬದಿಯ ಬಾಡಿಯನ್ನೂ ಕಟ್ಟಿ ಅದಕ್ಕೆ ಪೂರ್ಣಸ್ವರೂಪವನ್ನು ಕೊಡುತ್ತಿದ್ದವರು ಬಡಿಗರು, ಕಮ್ಮಾರರು, ಪೇಂಟರುಗಳು. ಆದುದರಿಂದ ಇಲ್ಲಿನ ಲಾರಿಯ ಮೂಲರೂಪವನ್ನು ಹುಡುಕುವವನು ಜಮ್‌ಶೆಡ್‌ಪುರದ ಕಡತಕ್ಕಿಂತ ಮಿಗಿಲಾಗಿ ಊರಿನ ಮುದಿ ಬಡಿಗರ ನೆನಪನ್ನು ಕೆದಕಬೇಕು ಎಂಬುದೇ ನನ್ನ ಪಕ್ಷ.

ಆ ಬಾಡಿಯನ್ನು ಸ್ವಲ್ಪ ಸಾವಧಾನವಾಗಿ ನೋಡತಕ್ಕದ್ದು. ಚಾಸಿಯ ಎರಡು ಉಕ್ಕಿನ ತೊಲೆಗಳ ಮೇಲೆ ಉದ್ದಕ್ಕೆ ಎರಡು ಮರದ ತೊಲೆಗಳನ್ನು ಮಲಗಿಸಿ, ಮೇಲೆ ಅಡ್ಡತೊಲೆಗಳನ್ನು ಹಾಯಿಸಿ, ಅದರ ಮೇಲೆ ಹಲಗೆ ಹಾಸುವುದು ಕ್ರಮ. ಸಾಗವಾನಿಯೋ ಮತ್ತಿಯೋ ಹೊನ್ನೆಯೋ, ಮಾಲೀಕನ ಚೀಲದ ತೂಕದಂತೆ. ಉಕ್ಕಿಗೂ ಮರಕ್ಕೂ ಯು ಆಕಾರದ ಬೋಲ್ಟುಗಳಿಂದಲೇ ಬಿಗಿತ. ಚಾಸಿಯ ಅಂಚಿಗೆ ರಂಧ್ರ ಕೊರೆಯುವುದು ನಿಷಿದ್ಧ, ಏಕೆಂದರೆ ಹೊರೆಯ ಸೆಳೆತವು ಅತಿಶಯವಾಗಿರುವುದು ಆ ಅಂಚಿನಲ್ಲಿಯೇ, ಬಿರುಕು ಹುಟ್ಟುವುದೂ ಅಂಥ ರಂಧ್ರದಿಂದಲೇ. ಇಂದು ಲಾರಿಯನ್ನು ಉದ್ಧರಿಸುತ್ತೇವೆಂದು ಹೊರಟ ಕೆಲವರು ಮರವನ್ನೆಲ್ಲ ಕಿತ್ತೆಸೆದು ಕಬ್ಬಿಣದ ಹಾಳೆಗಳನ್ನು ವೆಲ್ಡಿಂಗ್ ಮಾಡಿಸಿ, ಶಾಶ್ವತವಾಯಿತೆಂದು ಸಂತೋಷಪಡುತ್ತಾರೆ. ಈ ಸಂತೋಷವನ್ನು ಕೊಪ್ಪಳದ ಹಿರಿಯ ಮಿಸ್ತ್ರಿಯೊಬ್ಬರ ಮುಂದೆ ನಾನು ಪ್ರಸ್ತಾಪಿಸಿದಾಗ ಅವರು ಬೀಡಿಯನ್ನು ಬಾಯಿಂದ ತೆಗೆಯದೆಯೇ, "ಬಾಡಿ ಅಲಗಾಡಬೇಕ್ರೀ ಸರ, ಅಲಗಾಡಲಿಲ್ಲಂದ್ರ ಸೀಳತೈತಿ" ಎಂದರು. ಕೆಟ್ಟ ರಸ್ತೆಯಲ್ಲಿ ಚಾಸಿಯು ತಿರುಚಿಕೊಳ್ಳುವಾಗ ಮರದ ಕೀಲುಗಳು ಕೊಂಚ ಸಡಿಲಿ ಆ ತಿರುಚನ್ನು ನುಂಗಿಕೊಳ್ಳುತ್ತವೆ, ವೆಲ್ಡಿಂಗಿನ ಬೆಸುಗೆ ನುಂಗದು ಎಂಬ ಯಂತ್ರಶಾಸ್ತ್ರದ ಪ್ರಮೇಯವನ್ನು ಇಷ್ಟು ಮಿತವಾಗಿ ಹೇಳಿದ ಗ್ರಂಥಕರ್ತನನ್ನು ನಾನು ಕಾಣೆ.

ನಮ್ಮ ಕೊಪ್ಪಳ ಜಿಲ್ಲೆಯ ಹವೆಯೂ ಈ ಕಾರ್ಯದಲ್ಲಿ ಎರಡು ಬಗೆ. ಯಲಬುರ್ಗಾ, ಕುಷ್ಟಗಿಗಳ ಒಣಹವೆಯಲ್ಲಿ ದಶಕಗಳ ಕಾಲ ನಿಂತ ಲಾರಿಯ ಕಬ್ಬಿಣವು ಬಹುಮಟ್ಟಿಗೆ ಉಳಿದಿರುತ್ತದೆ, ಮರ ಮಾತ್ರ ಬಿರಿದಿರುತ್ತದೆ, ಇಲ್ಲವೇ ಗೆದ್ದಲಿಗೆ ಆಹುತಿಯಾಗಿರುತ್ತದೆ. ಕಾಲುವೆ ಸೀಮೆಯಲ್ಲಿ ನಿಂತದ್ದಾದರೆ ಕ್ಯಾಬಿನ್ನಿನ ತಗಡನ್ನು ಬೆರಳಿನಿಂದ ಒತ್ತಿ ನೋಡಿಯೇ ಮುಂದುವರಿಯಬೇಕು. ಕೊಳ್ಳುವವನಿಗೆ ಒಣನಾಡಿನ ಲಾರಿಯೇ ಲೇಸು. ಮರವನ್ನು ಮತ್ತೆ ತರಬಹುದು.

ಗಾಲಿಗಳ ವಿಷಯದಲ್ಲಿ ಸಾಹಸ ಸಲ್ಲದು. ಈ ಹಳೆಯ 20 ಅಂಗುಲದ ಚಕ್ರಗಳಲ್ಲಿ ಟೈರನ್ನು ಹಿಡಿದಿಡುವುದು ಬಿಡಿಯಾದ ಒಂದು ಉಕ್ಕಿನ ರಿಂಗು. ತುಕ್ಕು ತಿಂದ ರಿಂಗು ತನ್ನ ತೋಡಿನಲ್ಲಿ ಸರಿಯಾಗಿ ಕೂರದೆ ಇರುವಾಗ ಗಾಳಿ ತುಂಬಿದರೆ ಅದು ಚಿಮ್ಮಿ ಪ್ರಾಣವನ್ನೇ ತೆಗೆದೀತು. ಪಂಕ್ಚರ್ ಅಂಗಡಿಯ ಹುಡುಗರು ಚಕ್ರಕ್ಕೆ ಸರಪಳಿ ಬಿಗಿದು, ಓರೆಯಾಗಿ ನಿಂತು, ಮೋರೆಯನ್ನು ಆಚೆಗೆ ತಿರುಗಿಸಿಕೊಂಡು ಗಾಳಿ ಹಿಡಿಯುವುದು ಸುಮ್ಮನೆ ಅಲ್ಲ. ಆ ಕೆಲಸವನ್ನು ಅವರಿಗೇ ಬಿಡಿ.

ಎಂಜಿನ್ನಿನಲ್ಲಿ ಗೃಹಸ್ಥನ ಕೈಗೆ ನಿಲುಕುವ ಸುಖವೆಂದರೆ ಹೀಟರ್ ಪ್ಲಗ್ಗುಗಳದು. ಆರು ಸಿಲಿಂಡರುಗಳಿಗೆ ಆರು ಪ್ಲಗ್ಗುಗಳು ಒಂದರ ಹಿಂದೊಂದು ಜೋಡಣೆಗೊಂಡಿರುವುದರಿಂದ ಒಂದರ ತಂತಿ ಸುಟ್ಟರೆ ಆರೂ ತಣ್ಣಗಾಗಿ, ಮುಂಜಾವದಲ್ಲಿ ಎಂಜಿನ್ನು ಮೊಂಡು ಹಿಡಿಯುತ್ತದೆ. ದಪ್ಪ ತಂತಿಯ ತುಂಡೊಂದರಿಂದ ಒಂದೊಂದೇ ಪ್ಲಗ್ಗನ್ನು ಹಾರಿಸಿ ಸಂಪರ್ಕ ಕೊಡುತ್ತ ಹೋದರೆ, ಸತ್ತದ್ದನ್ನು ಹಾರಿಸಿದ ಕ್ಷಣದಲ್ಲಿ ಡ್ಯಾಶ್‌ಬೋರ್ಡಿನ ಸುರುಳಿಯು ಕೆಂಪಗೆ ಹೊಳೆಯುತ್ತದೆ. ಅಪರಾಧಿಯನ್ನು ಹಿಡಿದ ತೃಪ್ತಿ. ಡೀಸೆಲ್ ಪಂಪಿನ ಮೈಯನ್ನು ಮಾತ್ರ ಮನೆಯಲ್ಲಿ ಬಿಚ್ಚಲಾಗದು. ಅಂಥ ಪಂಪುಗಳನ್ನು ತಯಾರಿಸುತ್ತಿದ್ದ, 1951ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಮೈಕೋ ಕಂಪನಿಯ ದೆಸೆಯಿಂದ ಆ ವಿದ್ಯೆ ಬಲ್ಲವರು ನಮ್ಮ ರಾಜ್ಯದಲ್ಲಿ ಇಂದಿಗೂ ವಿರಳರಲ್ಲ.

ಬಣ್ಣದ ಪ್ರಕರಣಕ್ಕೆ ಬಂದರೆ, ಚಿತ್ರಗಾರರ ಊರಾದ ಕಿನ್ನಾಳವು ಕೊಪ್ಪಳಕ್ಕೆ ಇಷ್ಟು ಸಮೀಪದಲ್ಲಿರುವಾಗ ಸ್ಟಿಕ್ಕರು ಅಂಟಿಸುವುದು ಅರಸಿಕತೆಯ ಪರಾಕಾಷ್ಠೆ. ಅಲ್ಲಿನ ಚಿತ್ರಗಾರರು ಹುಣಸೆಬೀಜದ ಅಂಟು, ಮರದ ಹುಡಿಗಳಿಂದ ಮಾಡುವ ಕಿಟ್ಟವನ್ನು ಬಿಸಿಲುಮಳೆಗೆ ಒಡ್ಡಿಕೊಂಡ ಹಲಗೆಗೆ ಬಳಸಿರೆಂದು ನಾನು ಹೇಳಲಾರೆ. ಆದರೆ ಕ್ಯಾಬಿನ್ನಿನ ಒಳಗೆ, ಚಾಲಕನ ತಲೆಯ ಮೇಲಣ ಪಟ್ಟಿಕೆಯಲ್ಲಿ, ಗಿಳಿಯೊಂದು ಬಳ್ಳಿಯೊಂದು ಅವರ ಕುಂಚದಿಂದ ಮೂಡಿದರೆ ಯಾವ ಕ್ಯಾಟಲಾಗಿನವನೂ ಆಕ್ಷೇಪಿಸಲಾರ.

ಸರಕಾರ ಆಕ್ಷೇಪಿಸೀತು. ಮೋಟಾರು ವಾಹನ ನಿಯಮಗಳ 2021ರ ತಿದ್ದುಪಡಿಯ ಪ್ರಕಾರ ಐವತ್ತು ವರ್ಷ ಮೀರಿದ ವಾಹನಗಳಿಗೆ 20,000 ರೂಪಾಯಿ ಶುಲ್ಕದಲ್ಲಿ ವಿಂಟೇಜ್ ನೋಂದಣಿಯೂ 'ವಿಎ' ಅಕ್ಷರಗಳ ಫಲಕವೂ ದೊರೆಯುತ್ತವೆ; ಆದರೆ ಆ ಗೌರವವು ಸ್ವಂತ ಉಪಯೋಗದ ದ್ವಿಚಕ್ರ ವಾಹನಗಳಿಗೂ ಕಾರುಗಳಿಗೂ ಮೀಸಲು. ಸರಕು ಹೊತ್ತದ್ದಕ್ಕೆ ಪಂಕ್ತಿಯಲ್ಲಿ ಎಲೆಯಿಲ್ಲ. ಬೆವರಿದವನನ್ನು ಹೊರಗೆ ನಿಲ್ಲಿಸಿ ಸವಾರನನ್ನು ಮಾತ್ರ ಕರೆಯುವ ಈ ನಿಯಮವನ್ನು ರೂಪಿಸಿದವರು ಭತ್ತದ ಸುಗ್ಗಿಯಲ್ಲಿ ಗಂಗಾವತಿಗೆ ಬಂದವರಲ್ಲವೆಂದು ತೋರುತ್ತದೆ. ನಿಯಮವು ಬದಲಾಗುವವರೆಗೆ ನಿಮ್ಮ ಲಾರಿಯನ್ನು ರಸ್ತೆಗೆ ಇಳಿಸಬೇಕಾದರೆ ದುಡಿಯುವ ಲಾರಿಗಳಂತೆಯೇ ವರ್ಷಕ್ಕೊಮ್ಮೆ ಫಿಟ್‌ನೆಸ್ ಪರೀಕ್ಷೆಗೆ ನಿಲ್ಲಿಸಬೇಕು. ಅದಕ್ಕೆ ಕಾಗದಪತ್ರ ಬೇಕು. ಆದುದರಿಂದ ಹೊಲದ ಬದುವಿನಲ್ಲಿ ಲಾರಿಯನ್ನು ಕಂಡೊಡನೆ ಎಂಜಿನ್ನನ್ನು ನೋಡಿ ಮರುಳಾಗದೆ, ಚಾಸಿಯ ಮೇಲೆ ಕೊರೆದ ಸಂಖ್ಯೆಯನ್ನು ಉಜ್ಜಿ ಓದಿಕೊಂಡು, ಅದು ಆರ್‌.ಸಿ. ಪುಸ್ತಕದೊಡನೆ ಅಂಕಿ ಅಂಕಿಯೂ ಕೂಡಿದ ಮೇಲೆಯೇ ಹಣವನ್ನು ಎಣಿಸಿ.